ಕೆಂಪು ಬಕೆಟ್ಟು ಇರಬೇಕಾದ ಜಾಗ

ನಿವೃತ್ತರಾದವರನ್ನು ಕರೆದು ಶಾಲು ಹೊದಿಸಿ, ಹೊಸದಾಗಿ ಸೇರಿದ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿಸುವುದು ಈಗಿನ ಕಂಪನಿಗಳ ರೂಢಿ. ಹೋದ ತಿಂಗಳು ನನ್ನನ್ನೂ ಕರೆದಿದ್ದರು. ವೇಮಗಲ್ ಕೈಗಾರಿಕಾ ಪ್ರದೇಶದ ಆ ರಸಾಯನ ಲ್ಯಾಬಿನಲ್ಲಿ ನಾನು ಹದಿನೇಳು ವರ್ಷ ದುಡಿದವಳು. ಮುಳಬಾಗಿಲಿನಿಂದ ಬಸ್ಸು ಹಿಡಿದು ಹೋದೆ. ನನ್ನ ಸರದಿ ಬರುವ ಮೊದಲು ಸುರಕ್ಷತೆಯ ಪಾಠವಿತ್ತು. ಮೀಸೆ ಈಗಷ್ಟೇ ಬಲಿತ ಒಬ್ಬ ಅಧಿಕಾರಿ ಪರದೆಯ ಮೇಲೆ ಚಿತ್ರಗಳನ್ನು ಸರಿಸುತ್ತಾ ಹೋದ. ನಾಲ್ಕನೆಯದೋ ಐದನೆಯದೋ ಚಿತ್ರ ಒಂದು ಕೈಯದು. ಎಡಗೈ. ಕಿರುಬೆರಳು, ಉಂಗುರಬೆರಳು ಒಂದಕ್ಕೊಂದು ಅಂಟಿ ಅಂಗೈ ಕಡೆಗೆ ಮಡಚಿದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ 'ಅಜಾಗರೂಕತೆಯ ಬೆಲೆ' ಎಂದು ಬರೆದಿತ್ತು.

"ಇದು ನಮ್ಮಲ್ಲೇ ಆಗಿದ್ದು. ಒಬ್ಬ ಅಟೆಂಡರ್ ನೀರಿನ ವ್ಯವಸ್ಥೆ ನೋಡಿಕೊಳ್ಳದೆ ಬಿಳಿ ರಂಜಕವನ್ನು ಗ್ಲವ್ ಬಾಕ್ಸಿನಿಂದ ಹೊರಗೆ ತೆಗೆದ," ಎಂದ ಅಧಿಕಾರಿ. ಮಕ್ಕಳು ಬರೆದುಕೊಂಡರು.

ಆಮೇಲೆ ನಾನು ಎದ್ದು ಏನು ಮಾತಾಡಿದೆನೋ ನನಗೇ ನೆನಪಿಲ್ಲ. ಚಹಾದ ಹೊತ್ತಿಗೆ ಒಬ್ಬಳು ಹುಡುಗಿ ಹತ್ತಿರ ಬಂದು ನಿಂತಳು. ಹೊಸ ಬ್ಯಾಡ್ಜು, ಇಸ್ತ್ರಿ ಮಾಡಿದ ಚೂಡಿದಾರ, ಹೆಸರು ರೂಪ.

"ಮೇಡಂ, ಆ ಕೈ ನಮ್ಮಪ್ಪಂದು," ಎಂದಳು.

"ಯಾರಮ್ಮ ನಿಮ್ಮಪ್ಪ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ವೆಂಕಟರವಣಪ್ಪ ಅಂತ. ಶ್ರೀನಿವಾಸಪುರ ಕಡೆಯವ್ರು. ನಿಮ್ಮತ್ರ ಕೆಲ್ಸ ಮಾಡ್ತಿದ್ರಂತೆ. ಮನೇಲಿ ಏನೂ ಹೇಳಲ್ಲ ಅವ್ರು. ನೀವು ಹೇಳಿ ಮೇಡಂ, ನಮ್ಮಪ್ಪ ನಿಜವಾಗ್ಲೂ ಅಜಾಗರೂಕತೆ ಮಾಡಿದ್ರಾ?"

ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ಮೂರೇ ಜನ. ಅವರಲ್ಲಿ ನಾನೊಬ್ಬಳು. "ಇನ್ನೊಂದಿನ ಮಾತಾಡೋಣ ಕಣಮ್ಮ, ಬಸ್ಸಿಗೆ ಹೊತ್ತಾಯ್ತು," ಎಂದು ಹೇಳಿ, ಶಾಲನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದ ಕಲ್ಲಿನ ಮೇಲೆ ಕೂತಾಗ ಮೈಯೆಲ್ಲ ಸಿಟ್ಟಿಗೆ ಉರಿಯುತ್ತಿತ್ತು. ಆ ಅಧಿಕಾರಿಯ ಮೇಲೆ, ಆಗ ನಮ್ಮ ಲ್ಯಾಬಿನ ಹೆಡ್ಡಾಗಿದ್ದವರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ.

ಕಂಪನಿಯವರು ನನ್ನಿಂದ ಅನುಭವ ಕಥನವೊಂದನ್ನು ಬರೆಸಿ ಕಿರುಪುಸ್ತಕದಲ್ಲಿ ಹಾಕುತ್ತಾರಂತೆ. ಸರಿ, ಬರೆಯುತ್ತೇನೆ. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದು ಇಲ್ಲಿ ಸಿಗುವುದಿಲ್ಲ. ಕೆಲಸ ಹೇಗಿತ್ತು ಎನ್ನುವುದಷ್ಟೇ ಸಿಗುತ್ತದೆ.

ಮೊದಲು ಕೆಲಸ ಏನೆಂದು ಹೇಳಬೇಕು. ರಂಜಕ ಎಲ್ಲರಿಗೂ ಗೊತ್ತು, ಮೂಳೆಯಲ್ಲಿದೆ, ಗೊಬ್ಬರದಲ್ಲಿದೆ. ಅದರ ಬಿಳಿ ರೂಪ ಮೇಣದ ಹಾಗೆ ಮೆತ್ತಗೆ, ಬೆಳ್ಳುಳ್ಳಿಯ ವಾಸನೆ. ಗಾಳಿಗೆ ಬಿಟ್ಟರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ನೀರಿನಲ್ಲಿ ಮುಳುಗಿಸಿ ಇಡುತ್ತಾರೆ, ನೀರಿನೊಳಗೇ ಕತ್ತರಿಸುತ್ತಾರೆ. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಪರಮಾಣುಗಳು, ಪ್ರತಿಯೊಂದೂ ಉಳಿದ ಮೂರರ ಕೈ ಹಿಡಿದುಕೊಂಡಿರುತ್ತದೆ. ಆ ಜಾಗ ಬಹಳ ಇಕ್ಕಟ್ಟು, ಬಂಧಗಳೆಲ್ಲ ಬಾಗಿರುತ್ತವೆ. ಬಿಡಿಸಿಕೊಳ್ಳಲು ನೆವ ಸಿಕ್ಕರೆ ಸಾಕು. ಕಬ್ಬಿಣ, ಕೋಬಾಲ್ಟು, ನಿಕ್ಕಲ್ಲಿನಂಥ ಸಂಕ್ರಮಣ ಲೋಹದ ಸಂಕೀರ್ಣವನ್ನು ಹತ್ತಿರ ತಂದರೆ ಲೋಹ ಒಂದು ಬಂಧದ ನಡುವೆ ನುಗ್ಗಿ ಅದನ್ನು ಬಿಚ್ಚುತ್ತದೆ. ಇನ್ನೊಂದು ಲೋಹ ಬಂದು ಇನ್ನೊಂದು ಅಂಚನ್ನು ಬಿಚ್ಚುತ್ತದೆ. ಬಿಡಿಸಿಕೊಂಡ ರಂಜಕಗಳು ಸುಮ್ಮನಿರುವುದಿಲ್ಲ. ಮೂರರ ಉಂಗುರವಾಗಿಯೋ, ಐದರ ಉಂಗುರವಾಗಿಯೋ, ಲೋಹಗಳನ್ನು ಸೇರಿಸಿಕೊಂಡು ದೊಡ್ಡ ಪಂಜರವಾಗಿಯೋ ಮತ್ತೆ ಕಟ್ಟಿಕೊಳ್ಳುತ್ತವೆ. ಆ ಪಂಜರವನ್ನೇ ಕ್ಲಸ್ಟರ್ ಎನ್ನುವುದು. ಹೊರದೇಶದ ಒಬ್ಬ ಗಿರಾಕಿಗೆ ಇಂಥ ಕ್ಲಸ್ಟರುಗಳು ಬೇಕಿದ್ದವು. ಅದನ್ನು ಮಾಡಿಕೊಡುವುದು ನಮ್ಮ ಕೆಲಸ.

ಪುಸ್ತಕದಲ್ಲಿ ಇದು ಎರಡು ಸಾಲು. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಕಂದು ಬಣ್ಣದ ಗೊಜ್ಜು.

ವೆಂಕಟರವಣಪ್ಪ ನಮ್ಮ ಅಟೆಂಡರು. ಹತ್ತನೇ ಕ್ಲಾಸು ಓದಿದ್ದವರು, ಏಜೆನ್ಸಿಯ ಮೂಲಕ ಗುತ್ತಿಗೆಯಲ್ಲಿ ಬಂದವರು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವರು. ಕಾಗದದ ಮೇಲೆ ಅವರ ಕೆಲಸ ಗಾಜಿನ ಸಾಮಾನು ತೊಳೆಯುವುದು. ನಿಜದಲ್ಲಿ ಆ ಲ್ಯಾಬಿನಲ್ಲಿ ರಂಜಕವನ್ನು ನಂಬಿ ಒಪ್ಪಿಸಬಹುದಾಗಿದ್ದ ಕೈ ಅವರದೊಂದೇ. ನೀರು ತುಂಬಿದ ಗಾಜಿನ ತಟ್ಟೆಯಲ್ಲಿ ಗಟ್ಟಿಯನ್ನು ಚಿಮ್ಮಟದಲ್ಲಿ ಹಿಡಿದು, ಬೇಕಾದಷ್ಟನ್ನೇ ಕತ್ತರಿಸಿ, ಮೊದಲು ಆಲ್ಕೋಹಾಲಿನಲ್ಲಿ ಆಮೇಲೆ ಈಥರಿನಲ್ಲಿ ಅದ್ದಿ, ನೀರಿನ ಪಸೆ ಹೋಗುವುದಕ್ಕೂ ಅದು ಗ್ಲವ್ ಬಾಕ್ಸಿನ ಒಳಗೆ ಸೇರುವುದಕ್ಕೂ ಸರಿಹೋಗುವ ಹಾಗೆ ಮಾಡುತ್ತಿದ್ದರು. ಗ್ಲವ್ ಬಾಕ್ಸು ಎಂದರೆ ಗಾಳಿಯೇ ಇಲ್ಲದೆ ಆರ್ಗಾನ್ ಅನಿಲ ತುಂಬಿದ ದೊಡ್ಡ ಗಾಜಿನ ಪೆಟ್ಟಿಗೆ, ಹೊರಗಿನಿಂದ ರಬ್ಬರಿನ ಕೈಗವಸುಗಳಿಗೆ ಕೈ ಹಾಕಿ ಒಳಗೆ ಕೆಲಸ ಮಾಡಬೇಕು.

ನಾನು ಸೇರಿದ ಮೊದಲ ತಿಂಗಳು ಒಂದು ಮಹಾಪರಾಧ ಮಾಡಿದೆ. ರಂಜಕ ಒರೆಸಿದ ಸೋಸುಕಾಗದವನ್ನು ಕಸದ ಡಬ್ಬಿಗೆ ಎಸೆದೆ. ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ, ಬುದ್ಧಿ ಮಾತ್ರ ಇಷ್ಟು. ಕಾಗದ ಒಣಗಿತು, ಡಬ್ಬಿ ಹೊತ್ತಿಕೊಂಡಿತು, ಪಕ್ಕದಲ್ಲೇ ನಿಂತಿದ್ದ ನನ್ನ ಕೋಟಿನ ಅಂಚಿಗೂ ಹತ್ತಿತು. ವೆಂಕಟರವಣಪ್ಪ ಬೆಂಚಿನ ಕೆಳಗಿದ್ದ ಕೆಂಪು ಬಕೆಟ್ಟನ್ನು ಎತ್ತಿ, ಅರ್ಧ ನನ್ನ ಮೇಲೆ, ಅರ್ಧ ಡಬ್ಬಿಯ ಮೇಲೆ ಸುರಿದರು. ಆಮೇಲೆ ಬಕೆಟ್ಟನ್ನು ಮತ್ತೆ ತುಂಬಿಸಿ ಅದೇ ಜಾಗದಲ್ಲಿಟ್ಟು, "ಮೇಡಂ, ಇದೊಂದು ಮಾತ್ರ ಯಾವತ್ತೂ ಇಲ್ಲೇ ಇರ್ಬೇಕು. ಕಣ್ಮುಚ್ಕೊಂಡು ಕೈ ಹಾಕಿದ್ರೂ ಸಿಗ್ಬೇಕು," ಎಂದರು.

ಗ್ಲವ್ ಬಾಕ್ಸಿನ ಎಡಕ್ಕೆ, ಬೆಂಚಿನ ಕೆಳಗೆ, ಒಂದು ಹೆಜ್ಜೆ ದೂರ. ಮುಕ್ಕಾಲು ನೀರು, ಸೋಮವಾರಕ್ಕೊಮ್ಮೆ ಹೊಸ ನೀರು. ಅದರ ಮೇಲೆ ಅವರೇ ಬಿಳಿ ಬಣ್ಣದಲ್ಲಿ 'ಮುಟ್ಟಬೇಡಿ' ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದಿದ್ದರು. ನಮ್ಮ ಸೀಮೆಯಲ್ಲಿ ಯಾರು ಯಾವುದನ್ನು ಓದುತ್ತಾರೆಂದು ಹೇಳಲಾಗುವುದಿಲ್ಲವಲ್ಲ.

ಕೆಲಸದ ವಿಧಾನ ಆಗ ಹೇಗಿತ್ತೆಂದು ಈಗಿನವರು ನಂಬುವುದಿಲ್ಲ. ಪಾತ್ರೆಯೊಳಗೆ ಏನಾಗಿದೆ ಎಂದು ತಿಳಿಯಲು ಎನ್‌ಎಮ್‌ಆರ್ ಯಂತ್ರ ಬೇಕು, ಅದು ನಮ್ಮಲ್ಲಿರಲಿಲ್ಲ. ದ್ರಾವಣವನ್ನು ಸಪೂರ ಗಾಜಿನ ಕೊಳವೆಗೆ ಹಾಕಿ, ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿ ಬೆಂಗಳೂರಿಗೆ ಕಳಿಸಬೇಕಿತ್ತು. ವೆಂಕಟರವಣಪ್ಪ ಅವನ್ನು ಸ್ಟೀಲಿನ ಊಟದ ಕ್ಯಾರಿಯರಿನಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಂದ ಇಳಿಸದೆ ಒಯ್ಯುತ್ತಿದ್ದರು. ಒಮ್ಮೆ ಪಕ್ಕದಲ್ಲಿ ಕೂತವರು, "ಏನ್ರೀ ಅಷ್ಟು ಜೋಪಾನ, ಬಿರಿಯಾನಿನಾ?" ಎಂದು ಕೇಳಿದರಂತೆ. "ಬಿಚ್ಚಿದ್ರೆ ಬಸ್ಸೇ ಬಿರಿಯಾನಿ ಆಗ್ತದೆ," ಎಂದರಂತೆ ಇವರು. ಫಲಿತಾಂಶದ ಹಾಳೆ ಬರುವವರೆಗೆ ನಮಗೆ ಕಾಲು ನಿಲ್ಲುತ್ತಿರಲಿಲ್ಲ. ಕೆಲಸಕ್ಕೆ ಬಾರದೆ ಉಳಿದ ರಂಜಕದ ಗೆರೆ ಆ ಹಾಳೆಯಲ್ಲಿ ಬಲಗಡೆಯ ತುದಿಯಲ್ಲಿ, ಊರಾಚೆಯ ಒಂಟಿ ಮನೆಯ ಹಾಗೆ ನಿಂತಿರುತ್ತದೆ. ಅದು ಕಂಡರೆ ಲೋಹ ಅದನ್ನು ಮುಟ್ಟಿಯೇ ಇಲ್ಲ ಎಂದರ್ಥ. ಅದು ಮಾಯವಾಗಿ ಬೇರೆ ಕಡೆ ಗೆರೆಗಳು ಎದ್ದಿದ್ದರೆ ಪಂಜರ ಕಟ್ಟಿದೆ ಎಂದರ್ಥ.

ಎಂಟು ತಿಂಗಳು ನಮಗೆ ಪಂಜರ ಕಟ್ಟಲಿಲ್ಲ. ಕಬ್ಬಿಣದ ಸಂಕೀರ್ಣ, ರಂಜಕ, ಪೆಟ್ರೋಲಿನಂತೆ ಉರಿಯುವ ಟಾಲೂಯಿನ್ ದ್ರಾವಕ. ಬಿಸಿ ಮಾಡಿದರೆ ಕಿತ್ತಳೆ ಬಣ್ಣ ಹೋಗಿ ಕಂದಾಗುತ್ತಿತ್ತು. ಬೆಂಗಳೂರಿನ ಹಾಳೆಯಲ್ಲಿ ಗೆರೆಗಳ ಕಾಡು. ನಮ್ಮ ಹೆಡ್ಡು, ಹೆಸರು ಬೇಡ, ಹೊರಗೆ ಓದಿ ಬಂದವರು. ಅವರ ಉತ್ತರ ಯಾವಾಗಲೂ ಒಂದೇ. "ಇನ್ನೂ ಬಿಸಿ ಮಾಡಿ, ಇನ್ನೂ ಎರಡು ಗಂಟೆ ಜಾಸ್ತಿ ಇಡಿ."

ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ವೆಂಕಟರವಣಪ್ಪ ಒಲೆ ಆರಿಸಿ, ಪಾತ್ರೆಯನ್ನು ಮಂಜುಗಡ್ಡೆಯಲ್ಲಿ ಇಟ್ಟಿದ್ದರು. ನಾನು ರೇಗಿದೆ.

"ಬೈಬೇಡಿ ಮೇಡಂ, ಒಂದ್ ನಿಮಿಷ ನೋಡಿ," ಎಂದರು. "ಕಂದು ಆಗೋ ಮುಂಚೆ ಒಂದ್ಸಾರಿ ಹಸಿರು ಬರ್ತದೆ. ದಿನಾ ಬರ್ತದೆ. ನಾಲ್ಕೈದು ನಿಮಿಷ ಇರ್ತದೆ, ಅಷ್ಟೇ. ನೀವೆಲ್ಲಾ ಆ ಟೈಮಿಗೆ ಊಟಕ್ಕೆ ಹೋಗಿರ್ತೀರ. ಕೆಟ್ಟು ಹೋಗೋದಕ್ಕೆ ಮುಂಚೆ ಆಗೋದು ಅದೇ ಇರ್ಬೇಕು."

ಪಾತ್ರೆಯಲ್ಲಿ ಎಳೆ ಹುಣಸೆಕಾಯಿಯ ಹಸಿರು. ಅದನ್ನೇ ಬಾಕ್ಸಿನೊಳಗಿನ ಫ್ರೀಜರಿನಲ್ಲಿಟ್ಟೆವು. ಹತ್ತು ದಿನಕ್ಕೆ ತಳದಲ್ಲಿ ಕಡು ಹಸಿರಿನ ಪುಟ್ಟ ಹರಳುಗಳು ಕೂತವು. ಕೊಳವೆ ಬೆಂಗಳೂರಿಗೆ ಹೋಗಿ ಬಂತು. ಹಾಳೆಯ ತುದಿಯಲ್ಲಿ ಒಂಟಿ ಮನೆ ಇರಲಿಲ್ಲ. ಬಿಸಿ ಹೆಚ್ಚಾದರೆ ಕಟ್ಟಿದ ಪಂಜರವೇ ಒಡೆಯುತ್ತದೆ ಎಂಬುದು ನಾವು ಇಡೀ ಎಂಟು ತಿಂಗಳು ಊಟಕ್ಕೆ ಹೋಗಿ ಕಳೆದುಕೊಂಡಿದ್ದ ಸತ್ಯ.

ಪ್ರಯೋಗದ ಪುಸ್ತಕದಲ್ಲಿ ನಾನು 'ಹಸಿರು ಹಂತವನ್ನು ಮೊದಲು ಕಂಡವರು ವೆಂಕಟರವಣಪ್ಪ' ಎಂದು ಬರೆದೆ. ಹೆಡ್ಡು ಆ ಸಾಲಿನ ಮೇಲೆ ಪೆನ್ನು ಕುಟ್ಟಿದರು. "ಇದನ್ನ ಗಿರಾಕಿ ಓದ್ತಾರೆ ಮೇಡಂ. ಅಟೆಂಡರ್ ನೋಡಿದ ಅಂತ ಬರೆದ್ರೆ ನಾವೆಲ್ಲ ಏನ್ ಮಾಡ್ತಿದ್ವಿ ಅಂತಾರೆ. ತೆಗೀರಿ." ತೆಗೆದೆ. ಇದು ನನ್ನ ಮೊದಲ ಹೇಡಿತನ. ಆಗ ಅದು ಸಣ್ಣದಾಗಿ ಕಂಡಿತ್ತು. ಹೊಸಬರು ಗಮನಿಸಬೇಕಾದದ್ದು ಇಲ್ಲೇ. ಒಂದು ಸಾಲನ್ನು ಹೊಡೆದುಹಾಕಲು ಒಪ್ಪಿಕೊಂಡವರಿಗೆ ಮುಂದೆ ಇನ್ನೊಂದು ಸಾಲಿಗೆ ಸಹಿ ಹಾಕುವುದು ಕಷ್ಟವಾಗುವುದಿಲ್ಲ.

ಆ ವರ್ಷದ ಆಯುಧಪೂಜೆಗೆ ಬರುತ್ತೇನೆ.

ಆಯುಧಪೂಜೆಯ ದಿನ ಹತಾರಗಳಿಗೆ ಕೆಲಸ ಕೊಡಬಾರದು, ತೊಳೆದು ಕುಂಕುಮ ಇಟ್ಟು ಪೂಜೆ ಮಾಡಬೇಕು. ಟ್ರ್ಯಾಕ್ಟರಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ನಮ್ಮಲ್ಲಿ ಎಲ್ಲಕ್ಕೂ ಅಂದು ರಜೆ. ನಾನೇನೂ ಅದನ್ನು ಹಳಿಯುವವಳಲ್ಲ, ಅರ್ಚಕರ ಮನೆಯಲ್ಲಿ ಹುಟ್ಟಿದವಳು. ಆದರೆ ಗ್ಲವ್ ಬಾಕ್ಸು ಸೈಕಲ್ಲಲ್ಲ. ಅದರ ಪಂಪು, ಅನಿಲದ ಕವಾಟ, ಫ್ರೀಜರು ಎಲ್ಲವೂ ವಿದ್ಯುತ್ತಿನ ಮೇಲೆ ನಿಂತಿವೆ. ಆರ್ಗಾನ್ ಒಳಗಿನಿಂದ ಒತ್ತುತ್ತಿರುವವರೆಗೆ ಮಾತ್ರ ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಮುನ್ನಾದಿನವೇ ಹೆಡ್ಡು, ಮಾಲೀಕರು ಪೂಜೆಗೆ ಬರುತ್ತಾರೆ, ಎಲ್ಲ ಯಂತ್ರವೂ ನಿಂತಿರಬೇಕು, ಮೇನ್ ಸ್ವಿಚ್ಚೇ ಆರಿಸಿಬಿಡಿ ಎಂದು ಅಪ್ಪಣೆ ಮಾಡಿದರು.

"ಸಾರ್, ಬಾಕ್ಸ್ ಒಂದ್ ಬಿಟ್ಬಿಡಿ," ಎಂದರು ವೆಂಕಟರವಣಪ್ಪ. "ಬಲಗಡೆ ಗ್ಲವ್ಸಲ್ಲಿ ಸಣ್ಣ ತೂತಿದೆ, ಪಟ್ಟಿ ಹಾಕಿದೀನಿ. ಒಳಗೆ ರಂಜಕ ತೂಕ ಮಾಡಿಟ್ಟಿದೆ. ಪಕ್ಕದಲ್ಲೇ ಟಾಲೂಯಿನ್ ಬಾಟ್ಲಿ ಐತೆ."

"ಅರ್ಧ ದಿನಕ್ಕೆ ಏನಯ್ಯ ಆಗುತ್ತೆ? ದೇವರ ಕೆಲಸಕ್ಕೆ ಅಡ್ಡ ಬರಬೇಡ."

ನಾನು ಅಲ್ಲೇ ಇದ್ದೆ. ರಂಜಕ ಇಟ್ಟವಳೂ ನಾನೇ. ಅದನ್ನು ಅವತ್ತೇ ಹೊರಗೆ ತೆಗೆದು ನೀರಿಗೆ ಹಾಕಿಸುವುದು ಹತ್ತು ನಿಮಿಷದ ಕೆಲಸ. ಹಬ್ಬದ ಮರುದಿನವೇ ಬೇಕಾಗುತ್ತದಲ್ಲ ಎಂದು ಬಿಟ್ಟೆ.

ಹಬ್ಬದ ಬೆಳಗ್ಗೆ ಹೂವು ಬಂತು. ಕೋಲಾರದ ಮಾರುಕಟ್ಟೆಯಿಂದ ಸೇವಂತಿಗೆ, ಮಾರುಗಟ್ಟಲೆ. ಬಿಸಿಲು ಏರುತ್ತಿತ್ತು, ಬಾಡಬಾರದು, ನೀರಿನಲ್ಲಿಡಬೇಕು. ನೆಲ ತೊಳೆಯಲು, ಕಿಟಕಿ ತೊಳೆಯಲು ಎಲ್ಲ ಬಕೆಟ್ಟುಗಳೂ ಓಡಾಡುತ್ತಿದ್ದವು. ಅವುಗಳಲ್ಲಿ ಒಂದನ್ನು ಬೇಡಬಹುದಿತ್ತು. ಆದರೆ ಅವು ಶೌಚಾಲಯ ತೊಳೆದ, ಕಸಬರಿಗೆ ಅದ್ದಿದ ಬಕೆಟ್ಟುಗಳು. ದೇವರ ಹೂವನ್ನು ಅವುಗಳಲ್ಲಿ ಹೇಗೆ ಇಡುವುದು? ನಮ್ಮ ಮನೆಯಲ್ಲಿ ದೇವರ ನೀರಿನ ಬಿಂದಿಗೆಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನಾನು ಸುತ್ತ ನೋಡಿದೆ. ಇಡೀ ಕಟ್ಟಡದಲ್ಲಿ ಯಾರೂ ಮುಟ್ಟದ, ಯಾವ ಕೊಳೆಗೂ ಅದ್ದದ, ವಾರವಾರ ಹೊಸ ನೀರು ಕಾಣುವ ಬಕೆಟ್ಟು ಒಂದೇ ಇತ್ತು. ಅಷ್ಟು ಮಡಿಯಾದದ್ದು ಇನ್ನೊಂದಿರಲಿಲ್ಲ.

ಅದನ್ನು ಎತ್ತಿಕೊಂಡು ಹೋಗಿ, ನೀರು ಅರ್ಧ ಚೆಲ್ಲಿ, ಸೇವಂತಿಗೆ ತುಂಬಿ ವರಾಂಡದಲ್ಲಿಟ್ಟೆ. 'ಮುಟ್ಟಬೇಡಿ' ಎಂಬುದನ್ನು ಓದಿಕೊಂಡೇ ಎತ್ತಿದೆ. ಪೂಜೆ ಮುಗಿದ ಮೇಲೆ ವಾಪಸ್ಸು ಇಟ್ಟರಾಯಿತು ಎಂದುಕೊಂಡೆ. ನನ್ನ ಮೈ ಸುಡದಂತೆ ಉಳಿಸಿದ ಬಕೆಟ್ಟು ಅದು.

ಮಧ್ಯಾಹ್ನ ಮಾಲೀಕರು ಬಂದರು. ಬಾಕ್ಸಿನ ಗಾಜಿಗೆ ಗಂಧ, ಕುಂಕುಮ, ಮೇಲೊಂದು ಮಾಲೆ. ಮಂಗಳಾರತಿಗೆ ಎಲ್ಲರೂ ಕೈ ಮುಗಿದು ನಿಂತಿದ್ದಾಗ ವೆಂಕಟರವಣಪ್ಪನ ಕಣ್ಣು ಮಾತ್ರ ಬಾಕ್ಸಿನೊಳಗಿತ್ತು. ರಂಜಕವಿದ್ದ ಪುಟ್ಟ ಸೀಸೆಯ ಬಾಯಿಯಲ್ಲಿ ಬಿಳಿ ಹೊಗೆ ಸುರುಳಿ ಬಿಡುತ್ತಿತ್ತು. ಅದರಿಂದ ಒಂದು ಗೇಣು ಆಚೆ ಎರಡು ಲೀಟರು ಟಾಲೂಯಿನ್. ಅದಕ್ಕೆ ಹತ್ತಿದರೆ ಬಾಕ್ಸು, ಲ್ಯಾಬು, ಕೈ ಮುಗಿದು ನಿಂತಿದ್ದ ನಾವು, ಯಾವುದೂ ಉಳಿಯುತ್ತಿರಲಿಲ್ಲ.

ಅವರು ಯಾರನ್ನೂ ಕೂಗಲಿಲ್ಲ. ಗವಸಿಗೆ ಕೈ ಹಾಕಿ ಸೀಸೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು, ಸಾಮಾನು ಒಳಗೆ ಹೊರಗೆ ದಾಟಿಸುವ ಪಕ್ಕದ ಸಣ್ಣ ಗೂಡಿಗೆ ಸರಿಸಿದರು, ಹೊರಗಿನ ಬಾಗಿಲು ತೆಗೆದು ಸೀಸೆಯನ್ನು ಕೈಯಲ್ಲಿ ಹಿಡಿದು, ಎಡಕ್ಕೆ ಒಂದು ಹೆಜ್ಜೆ ಇಟ್ಟು, ಬಗ್ಗಿ, ಬೆಂಚಿನ ಕೆಳಗೆ ಕೈ ನೀಡಿದರು. ಅಲ್ಲಿ ರಂಗೋಲಿ ಇತ್ತು. ಬಕೆಟ್ಟು ಇರಲಿಲ್ಲ.

ಆ ಒಂದು ಕ್ಷಣ ಅವರು ಬಗ್ಗಿಕೊಂಡೇ ಇದ್ದರು. ಕಾದಿದ್ದ ಸೀಸೆ ಆ ಕ್ಷಣದಲ್ಲಿ ಸೀಳಿತು. ಉರಿಯುವ ರಂಜಕ ಕರಗಿ ಎಡಗೈಗೆ ಅಂಟಿಕೊಂಡಿತು. ಅವರು ಎದ್ದು ಲ್ಯಾಬಿನ ಆಚೆ ತುದಿಯ ತೊಟ್ಟಿಯ ಕಡೆಗೆ ಓಡಿದರು. ದಾರಿಯಲ್ಲಿ ಜನ, ಹಣ್ಣಿನ ತಟ್ಟೆಗಳು, ಬಾಳೆಕಂಬ. ಎಷ್ಟೋ ಹೆಜ್ಜೆ. ನಲ್ಲಿಯ ಕೆಳಗೆ ಕೈ ಇಟ್ಟಾಗ ಉರಿ ನಿಂತಿತು.

ಅಲ್ಲಿಗೇ ಬಿಟ್ಟಿದ್ದರೂ ಬೆರಳು ಉಳಿಯುತ್ತಿತ್ತು. ನೀರಿನಡಿಯಲ್ಲೇ ಕೈ ಇಟ್ಟು, ಅಂಟಿದ ಚೂರುಗಳನ್ನು ನೀರೊಳಗೇ ಬಿಡಿಸಿ, ಒದ್ದೆ ಬಟ್ಟೆ ಸುತ್ತಿ ಕರೆದೊಯ್ಯಬೇಕಿತ್ತು. ಅದು ನನಗೆ ಗೊತ್ತಿತ್ತು. ನಾನು ವರಾಂಡದ ಬಾಗಿಲಲ್ಲಿ ಕೈಯಲ್ಲಿ ಸೇವಂತಿಗೆ ಹಿಡಿದು ನಿಂತಿದ್ದೆ, ಬಾಯಿ ಬರಲಿಲ್ಲ. ಹೆಡ್ಡು ಅಷ್ಟರಲ್ಲಿ ಓಡಿ ಬಂದು, "ಸುಟ್ಟ ಗಾಯಕ್ಕೆ ನೀರು ಹಾಕಬಾರದಯ್ಯ, ಬೊಬ್ಬೆ ಬರುತ್ತೆ," ಎಂದು ಅವರ ಕೈಯನ್ನು ನೀರಿನಿಂದ ಎಳೆದು, ದೀಪಕ್ಕೆ ತಂದಿದ್ದ ತುಪ್ಪವನ್ನು ಸುರಿದು, ತಮ್ಮ ಹೊಸ ಶಲ್ಯ ಹರಿದು ಕಟ್ಟಿದರು. ಹೊರದೇಶದಲ್ಲಿ ಓದಿದ ರಸಾಯನಶಾಸ್ತ್ರಜ್ಞ. ರಂಜಕ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ, ಕರಗಿ ಒಳಗೆ ಇಳಿಯುತ್ತದೆ. ಮೊದಲ ವರ್ಷದ ಪಾಠ ಇದು. ಅವರಿಗೆ ಅದು ಆಗ ನೆನಪಾಗಲಿಲ್ಲ, ಅವರ ಅಜ್ಜಿ ನೆನಪಾದರು. ನನಗೆ ಬೆಳಗ್ಗೆ ದೇವರಮನೆ ನೆನಪಾದ ಹಾಗೆ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಶಲ್ಯ ಬಿಚ್ಚಿದರು. ತುಪ್ಪ ಸರಿದುಹೋದ ಕಡೆಯಿಂದ ಮತ್ತೆ ಹೊಗೆ ಎದ್ದಿತು. ಬಿಚ್ಚುತ್ತಿದ್ದ ನರ್ಸು ಹೆದರಿ ಹಿಂದೆ ಸರಿದರು. ಆಗ ನನಗೆ ಬಾಯಿ ಬಂತು. "ನೀರು, ನೀರು ಹಾಕಿ," ಎಂದು ಕೂಗಿದೆ. ಎರಡು ಗಂಟೆ ತಡವಾಗಿತ್ತು.

ಮೂರು ದಿನಕ್ಕೆ ವರದಿ ತಯಾರಾಯಿತು. ಹೆಡ್ಡು ತಮ್ಮ ಕೋಣೆಗೆ ಕರೆದು ಹಾಳೆಯನ್ನು ನನ್ನ ಕಡೆ ಸರಿಸಿದರು. 'ನೀರಿನ ವ್ಯವಸ್ಥೆ ಖಚಿತಪಡಿಸಿಕೊಳ್ಳದೆ ರಂಜಕವನ್ನು ಹೊರತೆಗೆದದ್ದು ಸಿಬ್ಬಂದಿಯ ಅಜಾಗರೂಕತೆ' ಎಂದಿತ್ತು. ಮೇನ್ ಸ್ವಿಚ್ಚಿನ ಮಾತಿಲ್ಲ. ಹೂವಿನ ಮಾತಿಲ್ಲ.

"ಸಾರ್, ಇದು ಸರಿಯಲ್ಲ," ಎಂದೆ.

"ಸ್ವಿಚ್ ವಿಷಯ ಬರೆದ್ರೆ ನನ್ನ ಹೆಸರು ಬರುತ್ತೆ. ಒಪ್ತೀನಿ," ಎಂದರು, ತಣ್ಣಗೆ. "ಬಕೆಟ್ ವಿಷಯ ಬರೆದ್ರೆ ನಿಮ್ಮ ಹೆಸರು ಬರುತ್ತೆ. ನೀವೇ ಹೇಳಿ ಮೇಡಂ, ಬರೆಯೋಣವಾ?"

ಸಾಕ್ಷಿ ಎಂಬ ಜಾಗದಲ್ಲಿ ನನ್ನ ಸಹಿ ಇದೆ. ಸುಂದರವಾದ ಸಹಿ, ಒಂದಿಷ್ಟೂ ನಡುಗಿಲ್ಲ.

ಗುತ್ತಿಗೆ ಮುಗಿದಾಗ ಏಜೆನ್ಸಿ ವೆಂಕಟರವಣಪ್ಪನನ್ನು ಮತ್ತೆ ಕಳಿಸಲಿಲ್ಲ. ಚಿಮ್ಮಟ ಹಿಡಿಯಲಾಗದ ಕೈಯಂತೆ. ಹಸಿರು ಹರಳು ಮಾಡುವ ವಿಧಾನ ಗಿರಾಕಿಗೆ ಹೋಯಿತು, ಹೆಡ್ಡಿಗೆ ಬೇರೆ ಕಡೆ ದೊಡ್ಡ ಜಾಗ ಸಿಕ್ಕಿತು. ಲ್ಯಾಬಿಗೆ ಹೊಸ ಬಾಕ್ಸು ಬಂತು, ಆಮ್ಲಜನಕ ಒಂದು ಚೂರು ಹೆಚ್ಚಾದರೂ ಕೂಗಿಕೊಳ್ಳುವ ಯಂತ್ರ ಬಂತು, ಎನ್‌ಎಮ್‌ಆರ್ ಕೂಡ ಬಂತು. ಬಣ್ಣ ನೋಡುವ ಕಣ್ಣು ಬೇಡವಾಯಿತು. ಪಾತ್ರೆಯೊಳಗೆ ಬೆಳಕು ಹಾಯಿಸಿ ಕಂಪ್ಯೂಟರೇ ಹಸಿರು ಎಂದು ಹೇಳುತ್ತದೆ. ಒಳ್ಳೆಯದೇ ಆಯಿತು, ಇಂಥದ್ದು ಇನ್ನೊಂದು ನಡೆಯದಿರಲಿ. ಆದರೆ ಇಷ್ಟೆಲ್ಲ ಬದಲಾದರೂ ಆ ವರದಿಯ ಒಂದು ಸಾಲು ಮಾತ್ರ ಬದಲಾಗಲಿಲ್ಲ. ವರ್ಷವರ್ಷ ಹೊಸ ಮಕ್ಕಳ ಮುಂದೆ ಆ ಕೈಯನ್ನು ಪರದೆಗೆ ಏರಿಸಿ ಬೈಯುತ್ತಿದ್ದಾರೆ. ಇದು ನನಗೆ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ವರದಿಯ ಆ ಸಾಲು ಗೊತ್ತಿತ್ತಲ್ಲ.

ಬಸ್ ನಿಲ್ದಾಣದ ಆ ದಿನದಿಂದ ಒಂದು ವಾರ ನನಗೆ ಅನ್ನ ಸೇರಲಿಲ್ಲ. ಎಂಟನೆಯ ದಿನ ಶ್ರೀನಿವಾಸಪುರಕ್ಕೆ ಹೋದೆ. ಊರಿನಾಚೆ ರಸ್ತೆ ಪಕ್ಕದಲ್ಲಿ ವೆಂಕಟರವಣಪ್ಪ ಮಾವಿನ ಸಸಿಗಳ ನರ್ಸರಿ ಇಟ್ಟುಕೊಂಡಿದ್ದಾರೆ. ಅವರ ಹೆಂಡತಿ ನನ್ನನ್ನು ಕಂಡು, "ಇದಿಗೋ, ಮೇಡಂಗಾರು ವಚ್ಚಾರು," ಎಂದು ನಾನು ಬಂದದ್ದನ್ನು ತೆಲುಗಿನಲ್ಲಿ ಒಳಗೆ ಕೂಗಿ ಹೇಳಿದರು. ವೆಂಕಟರವಣಪ್ಪ ನೆರಳಿನಲ್ಲಿ ಕೂತು ಕಸಿ ಕಟ್ಟುತ್ತಿದ್ದರು. ಬಲಗೈಯಲ್ಲಿ ಚಾಕು. ಎಡಗೈಯ ಮೂರು ಬೆರಳಿನಲ್ಲಿ ಕಡ್ಡಿ ಹಿಡಿದು, ಪ್ಲಾಸ್ಟಿಕ್ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದರು. ಕೊಯ್ದ ಮೈ ಗಾಳಿಗೆ ಒಣಗುವ ಮೊದಲು ಎರಡೂ ಕೂಡಬೇಕು. ಅದೇ ಅಳತೆ, ಅದೇ ಬೇಗ.

ನಾನು ಕೂರಲಿಲ್ಲ. ನಿಂತೇ ಹೇಳಿದೆ. "ವೆಂಕಟರವಣಪ್ಪ, ಅವತ್ತು ಬಕೆಟ್ ತೆಗೆದದ್ದು ನಾನು. ಹೂವಿಗೆ."

ಅವರು ಪಟ್ಟಿಯ ಗಂಟು ಹಾಕಿ ಮುಗಿಸಿದರು. "ಗೊತ್ತು ಮೇಡಂ. ಬೆಳಗ್ಗೆನೇ ನೋಡಿದ್ದೆ, ವರಾಂಡದಲ್ಲಿ."

"ನೋಡಿ ಯಾಕೆ ಸುಮ್ಮನಿದ್ರಿ?"

"ದೇವ್ರ ಹೂವು. ಇಟ್ಟಿರೋರು ನೀವು. ಎತ್ತಿ ಬಿಸಾಕಿ ಅಂತ ಹೆಂಗ್ ಹೇಳೋದು? ಇನ್ನೊಂದ್ ಬಕೆಟ್ ತಂದಿಡೋಣ ಅಂತ ಹೋದೆ. ಎಲ್ಲಾ ತೊಳೆಯೋಕೆ ಹೋಗಿದ್ವು. ಅಷ್ಟ್ರಲ್ಲಿ ಪೂಜೆಗೆ ಕರೆದ್ರು." ಚಾಕುವನ್ನು ಬಟ್ಟೆಗೆ ಒರೆಸಿದರು. "ಹೊಗೆ ನೋಡಿದ್ಮೇಲೆ ತಲೇಲಿ ಏನೂ ಇರ್ಲಿಲ್ಲ ಮೇಡಂ. ಕೈ ತಾನೇ ಅಲ್ಲಿಗೆ ಹೋಯ್ತು. ಅಷ್ಟು ವರ್ಷ ಅಲ್ಲೇ ಇದ್ದಿದ್ದಲ್ವಾ."

"ನಾನು ವರದಿಗೆ ಸಹಿ ಹಾಕಿದೆ," ಎಂದೆ.

"ಅದೂ ಗೊತ್ತು." ಆಗ ಮೊದಲ ಬಾರಿ ಅವರ ದನಿ ಏರಿತು. "ನಂಗೆ ಗೊತ್ತಿರೋದ್ನ ನಂಗೇ ಹೇಳೋಕೆ ಇಷ್ಟು ದೂರ ಬಂದ್ರಾ? ಇಷ್ಟು ವರ್ಷ ಆದ್ಮೇಲೆ? ನನ್ನ ಮಗಳು ಅಲ್ಲಿಂದ ಬಂದು ಎರಡು ದಿನ ನನ್ನ ಕೈ ನೋಡ್ದೇನೆ ಊಟ ಬಡಿಸಿದ್ಲು ಮೇಡಂ. ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಅಪ್ಪ ಹೇಳಿದ್ರೆ ತಪ್ಪು ಮುಚ್ಕೋತಿದಾನೆ ಅನ್ಕೊಳಲ್ವಾ? ನೀವು ಹೇಳ್ಬೇಕು. ಇಲ್ಲಲ್ಲ. ಅಲ್ಲಿ, ಆ ಫೋಟೋ ಹಾಕೋ ಕಡೆ."

ಕ್ಷಮಿಸಿ ಎನ್ನಲು ಹೋಗಿದ್ದೆ. ಆ ಮಾತನ್ನು ಬಾಯಲ್ಲೇ ನುಂಗಿಕೊಂಡು ಬಂದೆ. ಅದನ್ನು ಕೇಳುವ ಹಕ್ಕೂ ನನಗಿಲ್ಲ.

ಕಂಪನಿಗೆ ಪತ್ರ ಬರೆದೆ, ನನ್ನ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ವರದಿ ತಿದ್ದಿ ಎಂದು. ಆ ಕಡತ ಮುಕ್ತಾಯವಾಗಿದೆ, ನಿಮ್ಮ ಅನುಭವ ಕಥನಕ್ಕಾಗಿ ಕಾಯುತ್ತಿದ್ದೇವೆ ಎಂದು ಉತ್ತರ ಬಂತು. ಇದೇ ಆ ಕಥನ. ಪುಸ್ತಕದಲ್ಲಿ ಹಾಕದಿದ್ದರೆ, ಮುಂದಿನ ಬಾರಿ ಪರದೆಯ ಮೇಲೆ ಆ ಕೈ ಬಂದಾಗ ನಾನೇ ಎದ್ದು ನಿಂತು ಓದುತ್ತೇನೆ. ತಡೆಯುವವರು ತಡೆಯಲಿ, ಅರವತ್ತು ದಾಟಿದವಳನ್ನು ಎಳೆದು ಹೊರಗೆ ಹಾಕುವಷ್ಟು ಧೈರ್ಯವಿದ್ದರೆ.

ರೂಪಾ, ಚಹಾದ ಲೋಟ ಹಿಡಿದು ನೀನು ಕೇಳಿದ ಪ್ರಶ್ನೆಗೆ ಬಸ್ಸಿನ ನೆವ ಹೇಳಿ ಓಡಿ ಬಂದಿದ್ದೆ. ಈಗ ಹೇಳುತ್ತೇನೆ. ಇಲ್ಲ ಕಣಮ್ಮ. ನಿಮ್ಮಪ್ಪ ಅಜಾಗರೂಕತೆ ಮಾಡಲಿಲ್ಲ. ನೀರು ಇರಬೇಕಾದ ಜಾಗಕ್ಕೆ ಅವರ ಕೈ ಸರಿಯಾಗಿಯೇ ಹೋಯಿತು. ಅಲ್ಲಿಂದ ನೀರು ತೆಗೆದವಳು ನಾನು.